"ಇನ್ನೆಷ್ಟು ದಿನ ಡಾಕ್ಟ್ರೇ?" ಕ್ಯಾನ್ಸರ್ ವಾರ್ಡಿನಲ್ಲಿ ಉಳಿದ ಸಮಯವನ್ನು ಅಂದಾಜು ಮಾಡುವುದು ಹೇಗೆ

ಕ್ಯಾನ್ಸರ್ ವಾರ್ಡಿಗೆ ಹೊಸದಾಗಿ ಡ್ಯೂಟಿಗೆ ಬಂದವರನ್ನು ಎಲ್ಲಕ್ಕಿಂತ ಜಾಸ್ತಿ ಕಾಡುವ ಪ್ರಶ್ನೆ ರೌಂಡ್ಸ್ ಹೊತ್ತಿನಲ್ಲಿ ಬರುವುದಿಲ್ಲ. ರಾತ್ರಿ ಒಂಬತ್ತರ ಮೇಲೆ, ಲಿಫ್ಟ್ ಹತ್ತಿರ ಬರುತ್ತದೆ. ರೋಗಿಯ ಮಗನೋ ಅಳಿಯನೋ ಹಿಂದೆಯೇ ನಡೆದು ಬಂದು, ದನಿ ತಗ್ಗಿಸಿ, "ಡಾಕ್ಟ್ರೇ, ನಿಜ ಹೇಳಿ, ಇನ್ನೆಷ್ಟು ದಿನ?" ಅಂತ ಕೇಳುತ್ತಾರೆ.

ಆ ಒಂದು ಪ್ರಶ್ನೆಯ ಹೊಟ್ಟೆಯಲ್ಲಿ ಹತ್ತು ಪ್ರಶ್ನೆ ಇರುತ್ತವೆ. ದುಬೈಯಲ್ಲಿರೋ ತಮ್ಮನಿಗೆ ಇವತ್ತೇ ಟಿಕೆಟ್ ಮಾಡಿಸು ಅನ್ನಬೇಕಾ? ಅಪ್ಪ ಊರಿಗೆ ಹೋಗ್ಬೇಕು ಅಂತಿದ್ದಾರೆ, ಬೀದರ್‌ವರೆಗೆ ತಡೀತಾರಾ? ಅರ್ಧ ಎಕರೆ ಮಾರಿ ಇನ್ನೊಂದು ಕೀಮೋ ಕೊಡಿಸಿದ್ರೆ ಏನಾದ್ರೂ ಉಪಯೋಗ ಇದ್ಯಾ? "ಎಲ್ಲ ದೇವರ ಕೈಲಿದೆ" ಅಂತ ಹೇಳಿ ಲಿಫ್ಟ್ ಹತ್ತಿಬಿಟ್ಟರೆ ನಾವು ತಪ್ಪಿಸಿಕೊಂಡಂತೆ ಆಗುತ್ತದೆ, ಅವರಿಗೆ ಮಾತ್ರ ಏನೂ ಸಿಗುವುದಿಲ್ಲ. ನಾನೂ ಮೊದಮೊದಲು ಹಾಗೇ ತಪ್ಪಿಸಿಕೊಂಡಿದ್ದೇನೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಹೌಸ್ ಸರ್ಜನ್‌ಗಳು, ಪಿಜಿಗಳು, ವಾರ್ಡಿನ ಸಿಸ್ಟರ್‌ಗಳು, ಇವರಿಗಾಗಿ ಬರೆದದ್ದು. ರೋಗಿಯ ಮನೆಯವರು ಓದಿದರೂ ಅರ್ಥವಾಗಲಿ ಅಂತ ಸರಳವಾಗಿಯೇ ಇಟ್ಟಿದ್ದೇನೆ. ಇದು ಯಾರಿಗೆ ಅನ್ವಯಿಸುತ್ತದೆ ಅನ್ನುವುದು ಮೊದಲು ಗೊತ್ತಿರಲಿ. ಹೊಟ್ಟೆ, ಶ್ವಾಸಕೋಶ, ಗರ್ಭಕೊರಳು, ಬಾಯಿ, ಸ್ತನ, ಇಂಥ ಗಡ್ಡೆಯ ಕ್ಯಾನ್ಸರ್ ಬೇರೆ ಅಂಗಗಳಿಗೆ ಹರಡಿ, ಅದರ ಚಿಕಿತ್ಸೆಯ ದಾರಿಗಳು ಬಹುಪಾಲು ಮುಗಿದು, ಆಸ್ಪತ್ರೆಗೆ ಸೇರಿರುವವರ ವಿಷಯ ಇದು. ರಕ್ತದ ಕ್ಯಾನ್ಸರ್, ಲಿಂಫೋಮಾ (ದುಗ್ಧಗ್ರಂಥಿಯ ಕ್ಯಾನ್ಸರ್), ವೃಷಣದ ಗಡ್ಡೆ, ಈಗಷ್ಟೇ ಪತ್ತೆಯಾಗಿ ಇನ್ನೂ ಔಷಧಿಯನ್ನೇ ಶುರು ಮಾಡದ ಕ್ಯಾನ್ಸರ್, ಇವಕ್ಕೆ ಈ ಲೆಕ್ಕ ಹಾಕಬೇಡಿ. ಅಂಥ ಕೆಲವರು ಹಾಸಿಗೆ ಹಿಡಿದಿದ್ದರೂ ಸರಿಯಾದ ಔಷಧಿ ಬಿದ್ದ ಎರಡೇ ವಾರದಲ್ಲಿ ಎದ್ದು ಓಡಾಡುತ್ತಾರೆ. ಅವರ ಮಾತು ಬೇರೆ.

ನಮ್ಮ ಕಣ್ಣು ಎಲ್ಲಿ ಮೋಸ ಹೋಗುತ್ತದೆ

ಅಮೆರಿಕದ ಶಿಕಾಗೋದಲ್ಲಿ ಒಂದು ಅಧ್ಯಯನ ನಡೆಯಿತು, 2000ನೇ ಇಸವಿಯಲ್ಲಿ ಪ್ರಕಟವಾಯಿತು. ಹಾಸ್ಪೈಸ್‌ಗೆ, ಅಂದರೆ ಕೊನೆಗಾಲದ ಆರೈಕೆಗೆ, ಸೇರುತ್ತಿದ್ದ 468 ರೋಗಿಗಳ ಬಗ್ಗೆ 343 ವೈದ್ಯರನ್ನು "ಇವರು ಎಷ್ಟು ದಿನ ಬದುಕಬಹುದು?" ಅಂತ ಕೇಳಿದರು. ಅಂದಾಜು ಸುಮಾರಾಗಿ ಸರಿ ಬಂದದ್ದು ಶೇ. 20ರಷ್ಟು ಮಾತ್ರ. ಶೇ. 63ರಷ್ಟು ಸಲ ವೈದ್ಯರು ಜಾಸ್ತಿ ಹೇಳಿದ್ದರು. ಒಟ್ಟಾರೆ ನೋಡಿದರೆ ಐದು ಪಟ್ಟಿಗಿಂತ ಜಾಸ್ತಿ ಹೇಳಿದ್ದರು. ರೋಗಿಯನ್ನು ಬಹಳ ದಿನದಿಂದ ಬಲ್ಲ ವೈದ್ಯರ ಅಂದಾಜು ಇನ್ನಷ್ಟು ತಪ್ಪಿತ್ತು.

ನನಗೆ ಮುಟ್ಟಿದ್ದು ಆ ಕೊನೆಯ ಸಂಗತಿ. ಎರಡು ವರ್ಷ ಕೀಮೋ ಕೊಟ್ಟು, ಅವರ ಮಗಳ ಮದುವೆಯ ಊಟ ಉಂಡು ಬಂದ ಡಾಕ್ಟರಿಗೆ ಆ ರೋಗಿ ಸಾಯುತ್ತಿದ್ದಾರೆ ಅನ್ನುವುದು ಕಾಣುವುದಿಲ್ಲ. ಪ್ರೀತಿ ಅಡ್ಡ ಬರುತ್ತದೆ. ಹಾಗಾಗಿ ನಿಮ್ಮ ಅಂದಾಜು ಬರೆದ ಮೇಲೆ, ಆ ರೋಗಿಯನ್ನು ಅಷ್ಟಾಗಿ ತಿಳಿಯದ ಇನ್ನೊಬ್ಬರನ್ನು ಕರೆದು ತೋರಿಸಿ. ರಾತ್ರಿ ಪಾಳಿಯ ಸಿಸ್ಟರ್‌ನ್ನು ಕೇಳಿ. ಅವರ ಮಾತನ್ನು ನನ್ನ ಮಾತಿಗಿಂತ ಜಾಸ್ತಿ ನಂಬುವುದನ್ನು ನಾನು ನಿಧಾನಕ್ಕೆ ಕಲಿತೆ.

ಕೇಳುವ ರೀತಿಯೂ ಮುಖ್ಯ. "ಎಷ್ಟು ದಿನ?" ಅಂತ ನಿಮ್ಮನ್ನೇ ಕೇಳಿಕೊಂಡರೆ ಮನಸ್ಸು ಒಳ್ಳೆಯ ಸಂಖ್ಯೆಯನ್ನೇ ಹುಡುಕುತ್ತದೆ. ಬದಲಿಗೆ ಹೀಗೆ ಕೇಳಿಕೊಳ್ಳಿ: ಈ ಅಮ್ಮ ಇನ್ನು ಒಂದು ತಿಂಗಳಲ್ಲಿ ತೀರಿಕೊಂಡರೆ ನನಗೆ ಆಶ್ಚರ್ಯವಾಗುತ್ತದಾ? ಒಂದು ವಾರದಲ್ಲಿ? ನಾಳೆ ಡ್ಯೂಟಿಗೆ ಬಂದಾಗ ಈ ಹಾಸಿಗೆ ಖಾಲಿಯಿದ್ದರೆ? ಯಾವ ಪ್ರಶ್ನೆಗೆ "ಇಲ್ಲ, ಆಶ್ಚರ್ಯವೇನಿಲ್ಲ" ಅನ್ನುವ ಉತ್ತರ ಬರುತ್ತದೋ ಅಲ್ಲಿಂದ ನಿಮ್ಮ ಕೆಲಸ ಶುರು.

ಅಳೆಯುವ ಮೊದಲು ಸರಿ ಮಾಡಿ

ಇದನ್ನು ಬಿಟ್ಟು ಮುಂದಿನ ಯಾವುದನ್ನೂ ಮಾಡಬೇಡಿ. ರೋಗಿ ಮಲಗಿದಲ್ಲೇ ಇದ್ದಾರೆ, ಊಟ ಬಿಟ್ಟಿದ್ದಾರೆ, ಬಡಬಡಿಸುತ್ತಿದ್ದಾರೆ ಅಂದ ತಕ್ಷಣ "ಕೊನೆ ಬಂತು" ಅಂದುಕೊಳ್ಳುವುದು ಸುಲಭ. ಇದೇ ಮೂರೂ ಲಕ್ಷಣ ಸರಿಪಡಿಸಬಹುದಾದ ಕಾರಣಗಳಿಂದಲೂ ಬರುತ್ತವೆ.

ಒಬ್ಬರು ತೋಟದ ಮೇಸ್ತ್ರಿ, ಮೂತ್ರಪಿಂಡದ ಕ್ಯಾನ್ಸರ್ ಮೂಳೆಗೆ ಹರಡಿತ್ತು. ಬಂದಾಗ ಕಣ್ಣೇ ಬಿಡುತ್ತಿರಲಿಲ್ಲ. ವಾರದಿಂದ ಮಲ ಆಗಿರಲಿಲ್ಲ. ಎಚ್ಚರ ಇದ್ದಾಗ ನೀರು ನೀರು ಅನ್ನುತ್ತಿದ್ದರು, ಹೆಂಡತಿಯನ್ನು ತಾಯಿ ಅಂದುಕೊಂಡು ಮಾತಾಡುತ್ತಿದ್ದರು. ನಾನು ಕೇಸ್ ಶೀಟ್‌ನಲ್ಲಿ "ದಿನಗಳು" ಅಂತ ಬರೆದೆ. ನಮ್ಮ ಸೀನಿಯರ್ ಅದನ್ನು ಓದಿ, "ಕ್ಯಾಲ್ಸಿಯಂ ಎಲ್ಲಿ?" ಅಂತ ಮಾತ್ರ ಕೇಳಿದರು. ರಿಪೋರ್ಟ್‌ನಲ್ಲಿ 11.2 ಇತ್ತು, ಸ್ವಲ್ಪ ಜಾಸ್ತಿ ಅಷ್ಟೇ ಅಂತ ನಾನು ಬಿಟ್ಟಿದ್ದೆ. ರಕ್ತದ ಪ್ರೋಟೀನ್ ಆದ ಅಲ್ಬುಮಿನ್ 2 ಇತ್ತು. ಅಲ್ಬುಮಿನ್ 4ಕ್ಕಿಂತ ಎಷ್ಟು ಕಡಿಮೆಯೋ ಅಷ್ಟನ್ನು 0.8ರಿಂದ ಗುಣಿಸಿ ಕ್ಯಾಲ್ಸಿಯಂಗೆ ಕೂಡಿಸಬೇಕು. ಕೂಡಿಸಿದರೆ 12.8. ಆ ಮಂಪರು, ಮಲಬದ್ಧತೆ, ಬಾಯಾರಿಕೆ, ಗೊಂದಲ ಎಲ್ಲ ಏರಿದ ಕ್ಯಾಲ್ಸಿಯಂನಿಂದಲೇ ಬಂದದ್ದು. ಸಲೈನ್ ಹಾಕಿ, ಕ್ಯಾಲ್ಸಿಯಂ ಇಳಿಸುವ ಝೋಲೆಡ್ರೋನಿಕ್ ಆಸಿಡ್ ಕೊಟ್ಟೆವು. ನಾಲ್ಕನೇ ದಿನ ಅವರು ಎದ್ದು ಕೂತು ಕಾಫಿ ಕೇಳಿದರು. ಮನೆಗೆ ನಡೆದೇ ಹೋದರು, ಆಮೇಲೆ ನಾಲ್ಕು ತಿಂಗಳು ಇದ್ದರು. ಆ ನಾಲ್ಕು ತಿಂಗಳು ನನ್ನ ಒಂದು ಪದದಿಂದ ಹೋಗಿಬಿಡುತ್ತಿತ್ತು.

ಹಾಗಾಗಿ ಪ್ರತಿಯೊಬ್ಬರಲ್ಲೂ ಇದನ್ನು ನೋಡಿ. ಕ್ಯಾಲ್ಸಿಯಂ, ಸೋಡಿಯಂ, ಸಕ್ಕರೆ, ಮೂತ್ರಪಿಂಡದ ಕೆಲಸ ತೋರಿಸುವ ಕ್ರಿಯಾಟಿನಿನ್. ಎಲ್ಲಾದರೂ ಸೋಂಕು ಇದೆಯಾ? ಮೂತ್ರ ಕಟ್ಟಿಕೊಂಡಿದೆಯಾ? ಹೊಟ್ಟೆಯ ಕೆಳಭಾಗ ಮುಟ್ಟಿ ನೋಡದೆ ಹೋಗಬೇಡಿ, ವಯಸ್ಸಾದವರು ಮೂತ್ರ ಕಟ್ಟಿಕೊಂಡೇ ರಾತ್ರಿಯೆಲ್ಲ ಕಿರುಚಾಡಿದ್ದನ್ನು ನೋಡಿದ್ದೇನೆ. ಮಲಬದ್ಧತೆ ಎಷ್ಟು ದಿನದಿಂದ? ನೋವಿನ ಔಷಧಿ ಮಾರ್ಫಿನ್ ತೆಗೆದುಕೊಳ್ಳುತ್ತಿದ್ದು, ಮೂತ್ರಪಿಂಡ ಸೋತಿದ್ದು, ಕಣ್ಣಿನ ಪಾಪೆ ಸಾಸಿವೆ ಕಾಳಿನಷ್ಟು ಚಿಕ್ಕದಾಗಿ ಕೈಕಾಲು ಆಗಾಗ ಜಗ್ಗುತ್ತಿದ್ದರೆ ಅದು ಔಷಧಿ ಮೈಯಲ್ಲಿ ಸೇರಿಕೊಂಡದ್ದು. ಎದೆಯಲ್ಲಿ ನೀರು ತುಂಬಿ ದಮ್ಮು ಕಟ್ಟಿದ್ದರೆ ಆ ನೀರು ತೆಗೆದ ಮೇಲೆ ಅಳೆಯಿರಿ. ಬಾಯಿ ತೆರೆಸಿ ಟಾರ್ಚ್ ಹಾಕಿ ನೋಡಿ. ನಾಲಿಗೆಯ ಮೇಲೆ ಬಿಳಿ ಪದರ ಕಟ್ಟಿ ನುಂಗುವಾಗ ಉರಿಯುವವರು "ಊಟ ಸೇರಲ್ಲ" ಅನ್ನದೆ ಇನ್ನೇನು ಅಂದಾರು?

ಎಲ್ಲಕ್ಕಿಂತ ಮೊದಲು ನೋವು ಇಳಿಸಿ. ನೋವು ಇದ್ದವರು ಅಲುಗಾಡುವುದಿಲ್ಲ, ನಿದ್ದೆ ಮಾಡುವುದಿಲ್ಲ, ಉಣ್ಣುವುದಿಲ್ಲ. ಜಿಲ್ಲೆಗಳಿಂದ ಬರುವ ಎಷ್ಟೋ ಜನ ಅಲ್ಲಿಯವರೆಗೆ ಒಂದು ಗುಳಿಗೆ ಮಾರ್ಫಿನ್ ಕೂಡ ಕಾಣದೆ ಬಂದಿರುತ್ತಾರೆ. ಎರಡು ದಿನ ನೋವು ಹಿಡಿತಕ್ಕೆ ಬಂದ ಮೇಲೆ ಸಿಗುವ ಚಿತ್ರವೇ ನಿಜವಾದ ಚಿತ್ರ.

ಯುಗಾದಿಗೆ ಹೇಗಿದ್ದರು?

ಈಗ ಅಂದಾಜಿಗೆ ಬರೋಣ. ಇವತ್ತಿನ ಸ್ಥಿತಿ ಒಂದೇ ನೋಡಿದರೆ ಅರ್ಧ ಮಾತ್ರ ಸಿಗುತ್ತದೆ. ಎಷ್ಟು ವೇಗವಾಗಿ ಇಳಿಯುತ್ತಿದ್ದಾರೆ ಅನ್ನುವುದೇ ಮುಖ್ಯ. ವಾರ್ಡಿನಲ್ಲಿ ಹಳಬರು ಹೇಳಿಕೊಟ್ಟ ಲೆಕ್ಕ ಇದು: ತಿಂಗಳಿಂದ ತಿಂಗಳಿಗೆ ಬದಲಾವಣೆ ಕಾಣುತ್ತಿದ್ದರೆ ಉಳಿದಿರುವುದು ತಿಂಗಳುಗಳು, ವಾರದಿಂದ ವಾರಕ್ಕೆ ಕಾಣುತ್ತಿದ್ದರೆ ವಾರಗಳು, ದಿನದಿಂದ ದಿನಕ್ಕೆ ಕಾಣುತ್ತಿದ್ದರೆ ದಿನಗಳು. ಒರಟು ಲೆಕ್ಕ, ಆದರೆ ನನ್ನನ್ನು ಬಹಳ ಸಲ ಕಾಪಾಡಿದೆ.

ಆ ವೇಗ ತಿಳಿಯುವುದು ಅಟೆಂಡರ್‌ನಿಂದ, ಅಂದರೆ ಹಾಸಿಗೆಯ ಪಕ್ಕ ಚಾಪೆ ಹಾಸಿ ಮಲಗುವ ಮನೆಯವರಿಂದ. "ಎಷ್ಟು ದಿನದಿಂದ ಹೀಗಿದ್ದಾರೆ?" ಅಂತ ಕೇಳಿದರೆ "ತುಂಬಾ ದಿನ ಆಯ್ತು ಸಾರ್" ಅನ್ನುತ್ತಾರೆ, ಅದರಿಂದ ಏನೂ ಗೊತ್ತಾಗುವುದಿಲ್ಲ. ಹಬ್ಬ ಹಿಡಿದು ಕೇಳಿ. ಸಂಕ್ರಾಂತಿಗೆ ಎಳ್ಳು ಬೀರೋಕೆ ಹೋಗಿದ್ರಾ? ಯುಗಾದಿಗೆ ಅಡುಗೆ ಮನೆಗೆ ಬಂದಿದ್ರಾ, ಇಲ್ಲ ಕುರ್ಚಿ ಮೇಲೆ ಕೂತೇ ಒಬ್ಬಟ್ಟು ತಿಂದ್ರಾ? ಕಳೆದ ಭಾನುವಾರ ಬಾತ್‌ರೂಮಿಗೆ ತಾವೇ ಹೋಗ್ತಿದ್ರಾ? ನಿನ್ನೆ? ಹೀಗೆ ಕೇಳಿದರೆ ಐದು ನಿಮಿಷದಲ್ಲಿ ಮೂರು ತಿಂಗಳ ಇಳಿಜಾರು ಕಣ್ಣ ಮುಂದೆ ಬಂದುಬಿಡುತ್ತದೆ.

ಇದನ್ನು ಸಂಖ್ಯೆಗೆ ಇಳಿಸಲು ಪಿಪಿಎಸ್ ಅನ್ನುವ ಅಳತೆ ಇದೆ, ಪ್ಯಾಲಿಯೇಟಿವ್ ಪರ್ಫಾರ್ಮೆನ್ಸ್ ಸ್ಕೇಲ್. ಕೆನಡಾದ ವಿಕ್ಟೋರಿಯಾ ಹಾಸ್ಪೈಸ್‌ನವರು 1996ರಲ್ಲಿ ಹೊರತಂದದ್ದು. 100 ಅಂದರೆ ಪೂರ್ತಿ ಆರೋಗ್ಯ, 0 ಅಂದರೆ ಸಾವು, ಹತ್ತು ಹತ್ತರ ಮೆಟ್ಟಿಲು. ವಾರ್ಡಿನಲ್ಲಿ ನಿಮಗೆ ಬೇಕಾಗುವುದು ಕೆಳಗಿನ ಮೆಟ್ಟಿಲುಗಳು. ದಿನದ ಬಹುಪಾಲು ಕೂತೋ ಮಲಗಿಯೋ ಇರುತ್ತಾರೆ, ಸ್ನಾನಕ್ಕೆ ಸಾಕಷ್ಟು ಸಹಾಯ ಬೇಕು ಅಂದರೆ 50. ಹೆಚ್ಚು ಹೊತ್ತು ಹಾಸಿಗೆಯಲ್ಲೇ ಅಂದರೆ 40. ಹಾಸಿಗೆ ಬಿಟ್ಟು ಏಳುವುದೇ ಇಲ್ಲ, ಎಲ್ಲವನ್ನೂ ಬೇರೆಯವರೇ ಮಾಡಬೇಕು ಅಂದರೆ 30. ಹಾಗೆ ಮಲಗಿದವರು ಗುಟುಕು ಗುಟುಕು ಮಾತ್ರ ಕುಡಿಯುತ್ತಿದ್ದರೆ 20. ಬಾಯಿ ಒದ್ದೆ ಮಾಡುವುದಷ್ಟೇ ಉಳಿದಿದ್ದರೆ 10. ದಿನಾ ಬೆಳಿಗ್ಗೆ ಕೇಸ್ ಶೀಟ್‌ನ ಮೂಲೆಯಲ್ಲಿ ಒಂದು ಅಂಕಿ ಬರೆಯಿರಿ. 50, 50, 40, 30 ಅಂತ ಸಾಲಾಗಿ ಕಂಡಾಗ ಯಾರೂ ವಿವರಿಸಬೇಕಾಗಿಲ್ಲ.

ಎರಡು ಲೆಕ್ಕಗಳು

ಲೆಕ್ಕದ ಪಟ್ಟಿಗಳು ಹಲವು ಇವೆ. ನನ್ನ ಅಭಿಪ್ರಾಯದಲ್ಲಿ ನಮ್ಮ ವಾರ್ಡುಗಳಿಗೆ ಹೊಂದುವುದು ಪಿಪಿಐ, ಪ್ಯಾಲಿಯೇಟಿವ್ ಪ್ರೊಗ್ನೋಸ್ಟಿಕ್ ಇಂಡೆಕ್ಸ್. ಜಪಾನಿನ ಮೊರಿಟಾ ಮತ್ತು ಸಂಗಡಿಗರು 1999ರಲ್ಲಿ ಕೊಟ್ಟದ್ದು. ರಕ್ತ ಪರೀಕ್ಷೆ ಬೇಡ, ಖರ್ಚಿಲ್ಲ, ತಾಲ್ಲೂಕು ಆಸ್ಪತ್ರೆಯಲ್ಲೂ ಮಾಡಬಹುದು. ಐದು ವಿಷಯ ನೋಡಬೇಕು.

ಪಿಪಿಎಸ್ 10 ಅಥವಾ 20 ಇದ್ದರೆ 4 ಅಂಕ, 30ರಿಂದ 50 ಇದ್ದರೆ 2.5, 60 ಅಥವಾ ಮೇಲಿದ್ದರೆ ಸೊನ್ನೆ. ಬಾಯಿಂದ ಊಟ ಕೆಲವೇ ತುತ್ತಿಗೆ ಇಳಿದಿದ್ದರೆ 2.5, ಕಡಿಮೆಯಾಗಿದ್ದರೂ ಅದಕ್ಕಿಂತ ಜಾಸ್ತಿ ಇದ್ದರೆ 1. ಮೈಯಲ್ಲಿ ಬಾವು, ಅಂದರೆ ನೀರು ತುಂಬಿದ ಊತ, ಇದ್ದರೆ 1. ಸುಮ್ಮನೆ ಮಲಗಿದ್ದಾಗಲೂ ಉಸಿರಾಟಕ್ಕೆ ಕಷ್ಟವಾಗುತ್ತಿದ್ದರೆ 3.5. ಡೆಲಿರಿಯಂ, ಅಂದರೆ ಹೊಸದಾಗಿ ಬಂದ ಬುದ್ಧಿಯ ಗೊಂದಲ, ಇದ್ದರೆ 4. ಯಾವುದೋ ಒಂದೇ ಔಷಧಿಯಿಂದ ಬಂದ ಗೊಂದಲವನ್ನು ಮಾತ್ರ ಲೆಕ್ಕಕ್ಕೆ ಹಿಡಿಯಬೇಡಿ. ಎಲ್ಲ ಕೂಡಿದರೆ ಹೆಚ್ಚೆಂದರೆ 15. ಮೊತ್ತ 6 ದಾಟಿದರೆ ಮೂರು ವಾರದೊಳಗೆ, 4 ದಾಟಿದರೆ ಆರು ವಾರದೊಳಗೆ ಅನ್ನುವುದು ಮೊರಿಟಾ ಅವರ ಗೆರೆ. ಮೂರು ವಾರದ ಗೆರೆ ಅವರ ರೋಗಿಗಳಲ್ಲಿ ಶೇ. 80ರಿಂದ 85ರಷ್ಟು ಸರಿ ಬಂದಿತ್ತು. ಅಂದರೆ ಐದಾರು ಜನರಲ್ಲಿ ಒಬ್ಬರ ವಿಷಯದಲ್ಲಿ ತಪ್ಪಿತ್ತು. ಈ ಎರಡನೆಯ ವಾಕ್ಯವನ್ನೂ ನೆನಪಿಟ್ಟುಕೊಳ್ಳಿ.

ಅಂಕ ಹಾಕುವುದು ಸುಲಭ, ಸರಿಯಾಗಿ ನೋಡುವುದೇ ಕಷ್ಟ. "ಊಟ ಮಾಡಿದ್ರಾ?" ಅಂದರೆ ಮನೆಯವರು "ಹ್ಞೂಂ ಮಾಡಿದ್ರು" ಅನ್ನುತ್ತಾರೆ. ಸುಳ್ಳಲ್ಲ, ಮೂರು ಚಮಚ ಗಂಜಿ ಒಳಗೆ ಹೋದದ್ದೇ ಅವರಿಗೆ ದೊಡ್ಡ ಸಮಾಧಾನ. ಎಷ್ಟು ಚಮಚ, ಒಂದು ಇಡ್ಲಿ ಪೂರ್ತಿ ಮುಗಿಸಿದ್ರಾ, ತಟ್ಟೆ ಎಲ್ಲಿದೆ ತೋರಿಸಿ, ಅಂತ ಕೇಳಿ. ಬಾವು ನೋಡುವಾಗ ಮೊಣಕಾಲ ಕೆಳಗಿನ ಮೂಳೆಯ ಮೇಲೆ ಹೆಬ್ಬೆರಳಿನಿಂದ ಹತ್ತು ಸೆಕೆಂಡು ಒತ್ತಿ ಗುಳಿ ಬೀಳುತ್ತದಾ ನೋಡಿ. ಮಲಗಿಯೇ ಇರುವವರಲ್ಲಿ ನೀರು ಸೊಂಟದ ಹಿಂಭಾಗಕ್ಕೆ ಇಳಿದಿರುತ್ತದೆ, ಹೊರಳಿಸಿ ಅಲ್ಲಿಯೂ ಒತ್ತಿ. ಒಂದೇ ಕಾಲು ಊದಿದ್ದರೆ ಅಲ್ಲಿ ರಕ್ತ ಹೆಪ್ಪುಗಟ್ಟಿರಬಹುದು, ಅದನ್ನು ಬೇರೆಯಾಗಿಯೇ ನೋಡಬೇಕು.

ಡೆಲಿರಿಯಂ ಅತಿ ಹೆಚ್ಚು ತಪ್ಪಿಹೋಗುವುದು. ಡ್ರಿಪ್ ಕಿತ್ತುಹಾಕಿ ಗಲಾಟೆ ಮಾಡುವವರನ್ನು ಎಲ್ಲರೂ ಗುರುತಿಸುತ್ತಾರೆ. ಸುಮ್ಮನೆ ಗೋಡೆ ನೋಡಿಕೊಂಡು ಮಲಗಿ, ಕೇಳಿದ್ದಕ್ಕೆಲ್ಲ "ಹ್ಞಾಂ" ಅನ್ನುವ ಅಜ್ಜಿಯನ್ನು "ಪಾಪ, ಸುಸ್ತಾಗಿದ್ದಾರೆ" ಅಂತ ಬಿಟ್ಟುಬಿಡುತ್ತೇವೆ. ವಾರದ ದಿನಗಳನ್ನು ಹಿಂದಿನಿಂದ ಹೇಳಿಸಿ: ಭಾನುವಾರ, ಶನಿವಾರ, ಶುಕ್ರವಾರ ಹೀಗೆ. ಓದು ಬರಹ ಬಾರದವರೂ ಇದನ್ನು ಹೇಳುತ್ತಾರೆ. ಮಧ್ಯದಲ್ಲೇ ದಾರಿ ತಪ್ಪಿ ಬೇರೆ ಮಾತಿಗೆ ಹೋದರೆ ಅನುಮಾನ ಪಡಿ. ರಾತ್ರಿ ಪಾಳಿಯ ಆಯಾ ಅವರನ್ನೂ ಕೇಳಿ, "ಸತ್ತುಹೋದ ಅಣ್ಣನ ಜೊತೆ ಮಾತಾಡ್ತಿದ್ರು ರಾತ್ರಿಯೆಲ್ಲ" ಅನ್ನುವಂಥ ಸಂಗತಿ ಅವರಿಗೆ ಮಾತ್ರ ಗೊತ್ತಿರುತ್ತದೆ.

ಎರಡನೆಯದು ಪಿಎಪಿ, ಪ್ಯಾಲಿಯೇಟಿವ್ ಪ್ರೊಗ್ನೋಸ್ಟಿಕ್ ಸ್ಕೋರ್, ಇಟಲಿಯವರದು, ಇದೂ 1999ರದ್ದೇ. ಇದಕ್ಕೆ ರಕ್ತ ಪರೀಕ್ಷೆ ಬೇಕು. ಉಸಿರಾಟದ ಕಷ್ಟಕ್ಕೆ 1, ಹಸಿವಿಲ್ಲದಿದ್ದರೆ 1.5, ಪೂರ್ತಿ ಹಾಸಿಗೆ ಹಿಡಿದು ಕಾರ್ನೋಫ್‌ಸ್ಕಿ ಅಳತೆ (ಪಿಪಿಎಸ್ ಥರದ್ದೇ, 0ಯಿಂದ 100ರ ಅಳತೆ) 10 ಅಥವಾ 20 ಇದ್ದರೆ 2.5. ಬಿಳಿ ರಕ್ತಕಣ 8,500 ದಾಟಿದ್ದರೆ 0.5, 11,000 ದಾಟಿದ್ದರೆ 1.5. ಅವುಗಳಲ್ಲಿ ಲಿಂಫೋಸೈಟ್ ಪಾಲು ಶೇ. 20ಕ್ಕಿಂತ ಕಡಿಮೆ ಇದ್ದರೆ 1, ಶೇ. 12ಕ್ಕಿಂತ ಕಡಿಮೆ ಇದ್ದರೆ 2.5. ಉಳಿದದ್ದು ವೈದ್ಯರ ಸ್ವಂತ ಅಂದಾಜು: ಒಂದೆರಡು ವಾರ ಅಂದರೆ 8.5, ಮೂರು ನಾಲ್ಕು ವಾರ ಅಂದರೆ 6, ಐದಾರು ವಾರ ಅಂದರೆ 4.5, ಏಳರಿಂದ ಹತ್ತು ವಾರ ಅಂದರೆ 2.5, ಹನ್ನೊಂದು ಹನ್ನೆರಡು ವಾರ ಅಂದರೆ 2, ಅದಕ್ಕಿಂತ ಜಾಸ್ತಿ ಅಂದರೆ ಸೊನ್ನೆ. ಮೊತ್ತ 5.5ರವರೆಗೆ ಇದ್ದರೆ ಒಂದು ತಿಂಗಳು ದಾಟುವ ಸಾಧ್ಯತೆ ಶೇ. 70ಕ್ಕಿಂತ ಜಾಸ್ತಿ, 11ರವರೆಗೆ ಇದ್ದರೆ ಶೇ. 30ರಿಂದ 70, ಅದನ್ನೂ ದಾಟಿದರೆ ಶೇ. 30ಕ್ಕಿಂತ ಕಡಿಮೆ.

ಒಟ್ಟು 17.5ರಲ್ಲಿ 8.5 ಅಂಕ ನಿಮ್ಮ ಊಹೆಯದ್ದೇ, ಗಮನಿಸಿದಿರಾ? ನಿಮ್ಮ ಊಹೆ ಆಸೆಯ ಕಡೆ ವಾಲಿದ್ದರೆ ಮೊತ್ತವೂ ಆ ಕಡೆಗೇ ವಾಲುತ್ತದೆ, ಮೇಲಾಗಿ ಅದಕ್ಕೊಂದು ಸಂಖ್ಯೆಯ ಗಾಂಭೀರ್ಯ ಬಂದುಬಿಡುತ್ತದೆ. ಹಾಗಾಗಿ ನಾನು ಮೊದಲು ಪಿಪಿಐ ಹಾಕುತ್ತೇನೆ, ರಕ್ತದ ವರದಿ ಹೇಗೂ ಇದ್ದರೆ ಪಿಎಪಿಯನ್ನೂ ಹಾಕಿ ಎರಡೂ ಒಂದೇ ಕಡೆ ಕೈ ತೋರುತ್ತಿವೆಯಾ ನೋಡುತ್ತೇನೆ. ಈ ಲೆಕ್ಕಕ್ಕಾಗಿಯೇ ರಕ್ತ ಎಳೆಯಬೇಡಿ. ಚುಚ್ಚಿ ಚುಚ್ಚಿ ನರ ಸಿಗದ ಕೈಗೆ ಇನ್ನೊಂದು ಸೂಜಿ ಬೇಡ.

ಒಂದು ಉದಾಹರಣೆ ನೋಡಿ. ಸುಮಾರು 60 ವರ್ಷದ ಅಮ್ಮ, ಹೊಟ್ಟೆಯ ಕ್ಯಾನ್ಸರ್ ಲಿವರ್‌ಗೆ ಹರಡಿದೆ. ಸೋಮವಾರ ಹೆಚ್ಚು ಹೊತ್ತು ಹಾಸಿಗೆಯಲ್ಲೇ, ಪಿಪಿಎಸ್ 40, ಅಂಕ 2.5. ಎರಡು ಮೂರು ಚಮಚ ಗಂಜಿ, ಅಂಕ 2.5. ಎರಡೂ ಕಾಲಲ್ಲಿ ಬಾವು, ಅಂಕ 1. ಉಸಿರು ಸರಿ ಇದೆ, ಬುದ್ಧಿ ಸ್ಪಷ್ಟ ಇದೆ. ಮೊತ್ತ 6. ಆರು ವಾರದೊಳಗೆ ಅನ್ನುವ ಸೂಚನೆ ಇದೆ, ಮೂರು ವಾರದ ಗೆರೆ ದಾಟಿಲ್ಲ. ಗುರುವಾರ ಬೆಳಿಗ್ಗೆ ಏಳಲೇ ಇಲ್ಲ, ಪಿಪಿಎಸ್ 30. ರಾತ್ರಿ ಸೆರಗಿನ ಗಂಟು ಬಿಚ್ಚುತ್ತಾ ಕಟ್ಟುತ್ತಾ "ಬಸ್ಸು ಹೊರಡ್ತು" ಅನ್ನುತ್ತಿದ್ದರು. ಕ್ಯಾಲ್ಸಿಯಂ, ಸೋಡಿಯಂ ಸರಿ ಇದ್ದವು, ಸೋಂಕಿಲ್ಲ, ಮಾರ್ಫಿನ್ ಪ್ರಮಾಣ ಬದಲಾಗಿಲ್ಲ. ಈಗ 4 ಸೇರಿ ಮೊತ್ತ 10. ಸೋಮವಾರ "ಕೆಲವು ವಾರ" ಅಂದಿದ್ದವರು ಗುರುವಾರ "ದಿನಗಳು, ಹೆಚ್ಚೆಂದರೆ ಒಂದೆರಡು ವಾರ" ಅನ್ನಬೇಕಾಯಿತು, ಮಗಳನ್ನು ಅವತ್ತೇ ಕರೆಸಿದೆವು. ಒಂದೇ ಸಲ ಅಳೆದು ಫೈಲಿಗೆ ಸೇರಿಸಿದ್ದರೆ ಆ ಮಗಳು ಬರುವ ಹೊತ್ತಿಗೆ ಅಮ್ಮ ಮಾತಾಡುವ ಸ್ಥಿತಿಯಲ್ಲಿರುತ್ತಿರಲಿಲ್ಲ.

ಈ ಯಾವ ಲೆಕ್ಕವೂ ಹಿಡಿಯಲಾಗದ ಸಾವುಗಳೂ ಇವೆ. ಕುತ್ತಿಗೆಯ ಗಡ್ಡೆ ಒಡೆದು ರಕ್ತ ಹೋಗುವುದು, ಕಾಲಿನ ರಕ್ತದ ಹೆಪ್ಪು ಶ್ವಾಸಕೋಶಕ್ಕೆ ಹಾರುವುದು, ಇದ್ದಕ್ಕಿದ್ದ ಹಾಗೆ ಸೋಂಕು ರಕ್ತಕ್ಕೆ ಏರುವುದು. ಅಂಥ ಅಪಾಯ ಕಣ್ಣಿಗೆ ಕಾಣುತ್ತಿದ್ದರೆ ಮನೆಯವರಿಗೆ ಮೊದಲೇ ಹೇಳಿಡಿ.

ಕೊನೆಯ ಮೂರು ದಿನ

ಇಲ್ಲಿಂದ ಮುಂದೆ ಅಂಕ ಬೇಡ, ಕಣ್ಣು ಸಾಕು. ಮೇಲುಸಿರು, ಮೇಲ್ಗಣ್ಣು ಅಂತ ನಮ್ಮ ಅಜ್ಜಿಯರು ಹೇಳುತ್ತಿದ್ದರಲ್ಲ, ಅವರು ನೋಡಿಯೇ ಹೇಳಿದ್ದು. ಅಮೆರಿಕದ ಎಂ.ಡಿ. ಆಂಡರ್ಸನ್ ಮತ್ತು ಬ್ರೆಜಿಲ್‌ನ ಬಾರೆಟೋಸ್ ಕ್ಯಾನ್ಸರ್ ಆಸ್ಪತ್ರೆಗಳಲ್ಲಿ 357 ರೋಗಿಗಳನ್ನು 12 ಗಂಟೆಗೊಮ್ಮೆ ಗಮನಿಸಿ, ಯಾವ ಲಕ್ಷಣ ಯಾವಾಗ ಬರುತ್ತದೆ ಅಂತ ಬರೆದಿಟ್ಟಿದ್ದಾರೆ. ಮೊದಲು ಬರುವುದು ಪೂರ್ತಿ ಹಾಸಿಗೆ ಹಿಡಿಯುವುದು, ಮಂಪರು, ನೀರು ನುಂಗಲೂ ಆಗದಿರುವುದು. ಇವು ಬಂದವರೆಲ್ಲ ಮೂರೇ ದಿನದಲ್ಲಿ ಹೋಗುತ್ತಾರೆ ಅಂತಿಲ್ಲ. ಆಮೇಲೆ ಬರುವವು ಬಂದರೆ ಮಾತ್ರ ಬಹುಪಾಲು ಮೂರು ದಿನದೊಳಗಿನ ಮಾತು: ಉಸಿರು ನಿಂತು ನಿಂತು ಮತ್ತೆ ಶುರುವಾಗುವುದು, ಗಂಟಲಲ್ಲಿ ಗೊರಗೊರ ಸದ್ದು, ಉಸಿರಿಗೊಮ್ಮೆ ದವಡೆ ಅಲುಗುವುದು, ಕೈಕಾಲ ತುದಿ ನೀಲಿಯಾಗುವುದು, ಮಣಿಕಟ್ಟಿನಲ್ಲಿ ನಾಡಿ ಸಿಗದಿರುವುದು, ಮೂತ್ರ ತೀರಾ ಕಡಿಮೆಯಾಗುವುದು. ಮುಖವನ್ನೂ ನೋಡಿ. ಮೂಗಿನ ಪಕ್ಕದಿಂದ ತುಟಿಯ ಕಡೆಗೆ ಇಳಿಯುವ ಗೆರೆ ಸಡಿಲವಾಗಿ ಜೋತುಬೀಳುತ್ತದೆ, ರೆಪ್ಪೆ ಪೂರ್ತಿ ಮುಚ್ಚುವುದಿಲ್ಲ, ಕುತ್ತಿಗೆ ಹಿಂದಕ್ಕೆ ಬಾಗುತ್ತದೆ.

ಮೊರಿಟಾ ಅವರು ಜಪಾನಿನಲ್ಲಿ 100 ರೋಗಿಗಳಲ್ಲಿ ಇದಕ್ಕೆ ಗಂಟೆಗಳ ಲೆಕ್ಕವನ್ನೂ ಹಾಕಿದ್ದರು. ಗೊರಗೊರ ಶುರುವಾಗಿ ಸರಾಸರಿ 57 ಗಂಟೆ, ದವಡೆಯ ಉಸಿರು ಶುರುವಾಗಿ 7.6 ಗಂಟೆ, ಕೈಕಾಲು ನೀಲಿಯಾಗಿ 5.1 ಗಂಟೆ, ನಾಡಿ ಸಿಗದಂತಾಗಿ 2.6 ಗಂಟೆ. ಸರಾಸರಿಯನ್ನು ಕೆಲವರು ಎಳೆದು ಉದ್ದ ಮಾಡುತ್ತಾರೆ. ಗೊರಗೊರ ಬಂದವರಲ್ಲಿ ಅರ್ಧದಷ್ಟು ಜನ ಒಂದು ದಿನದೊಳಗೇ ಹೋಗಿದ್ದರು.

ಇಲ್ಲಿ ಎರಡು ಮಾತು. ಈ ಲಕ್ಷಣ ಬಂದರೆ ಸಾವು ಹತ್ತಿರ ಅನ್ನಬಹುದು, ಬಂದಿಲ್ಲ ಅಂದರೆ ದೂರ ಇದೆ ಅನ್ನುವ ಹಾಗಿಲ್ಲ. ಎಷ್ಟೋ ಜನ ಇದ್ಯಾವುದೂ ಇಲ್ಲದೆ ಹೋಗುತ್ತಾರೆ. ಇನ್ನೊಂದು, ಮಾನಿಟರ್‌ನ ಅಂಕಿ ನಂಬಿ ಕೂರಬೇಡಿ. ಬಿಪಿ, ನಾಡಿ, ಆಕ್ಸಿಜನ್ ಕೊನೆಯ ದಿನದವರೆಗೂ ನೆಟ್ಟಗೆ ಇರುವವರು ಇದ್ದಾರೆ. ಮನೆಯವರೆಲ್ಲ ಆ ಪರದೆಯನ್ನೇ ನೋಡುತ್ತಾ ನಿಂತಿರುತ್ತಾರೆ, ಮಲಗಿರುವವರ ಮುಖ ನೋಡುವುದನ್ನೇ ಮರೆತಿರುತ್ತಾರೆ.

ಹೇಳುವುದು ಹೇಗೆ

ಲಿಫ್ಟ್ ಹತ್ತಿರ ಹೇಳಬೇಡಿ. "ಬನ್ನಿ, ಕೂತು ಮಾತಾಡೋಣ" ಅಂತ ಕುರ್ಚಿ ಇರುವ ಕಡೆ ಕರೆದುಕೊಂಡು ಹೋಗಿ. ಮೊದಲು ಅವರನ್ನು ಕೇಳಿ: "ನಿಮಗೆ ಏನನ್ನಿಸ್ತಿದೆ?" ಹತ್ತರಲ್ಲಿ ಎಂಟು ಮಂದಿ ನಿಮಗಿಂತ ಮೊದಲೇ ಅರ್ಥ ಮಾಡಿಕೊಂಡಿರುತ್ತಾರೆ, ಬಾಯಿಬಿಟ್ಟು ಹೇಳುವವರು ಇರುವುದಿಲ್ಲ ಅಷ್ಟೇ.

ಅಂಕಿ ಕೊಡಬೇಡಿ. ಒಂದು ಮನೆಯವರಿಗೆ ಬೇರೆ ಕಡೆ ಯಾರೋ "15 ದಿನ" ಅಂದಿದ್ದರು. ಹಾಲಿನ ಲೆಕ್ಕ ಬರೆಯುವ ಗೋಡೆ ಕ್ಯಾಲೆಂಡರಿನಲ್ಲಿ ಹೆಂಡತಿ ಆ ದಿನಕ್ಕೆ ಸುತ್ತು ಹಾಕಿದ್ದರಂತೆ. ಆ ದಿನದ ಹಿಂದಿನ ರಾತ್ರಿ ಮನೆಯಲ್ಲಿ ಯಾರೂ ಮಲಗಲಿಲ್ಲ. ರೋಗಿ ಅದಾದ ಮೇಲೂ ಒಂಬತ್ತು ದಿನ ಇದ್ದರು, ಆ ಒಂಬತ್ತೂ ದಿನ ಮನೆಯವರಿಗೆ ಸಂತೋಷಪಡಬೇಕೋ ಭಯಪಡಬೇಕೋ ತಿಳಿಯಲಿಲ್ಲ. ಹಾಗಾಗಿ ಮೂರೇ ಅಳತೆ ಇಟ್ಟುಕೊಳ್ಳಿ: ದಿನಗಳು, ವಾರಗಳು, ತಿಂಗಳುಗಳು. "ನಮಗೆ ಕಾಣ್ತಿರೋದು ವಾರಗಳು. ತಿಂಗಳು ದಾಟೋದು ಕಷ್ಟ. ಇದಕ್ಕಿಂತ ಬೇಗನೂ ಆಗಬಹುದು. ಸೋಮವಾರ ಮತ್ತೆ ನೋಡಿ ಹೇಳ್ತೀನಿ." ಇಷ್ಟು ಸಾಕು. ಸೋಮವಾರ ಮರೆಯದೆ ಹೋಗಿ ಹೇಳಿ.

ಅದರ ಹಿಂದೆಯೇ ಏನು ಮಾಡಬೇಕು ಅನ್ನುವುದನ್ನೂ ಹೇಳಿ. ದೂರದಲ್ಲಿರುವವರನ್ನು ಈಗಲೇ ಕರೆಸಿ, ಮಾತಾಡುವ ಶಕ್ತಿ ಇರುವಾಗಲೇ ಬರಲಿ. ಊರಿಗೆ ಹೋಗಬೇಕು ಅನ್ನುವವರಿದ್ದರೆ ವಾರಗಳು ಇರುವಾಗಲೇ ಕಳಿಸಿ: ಮಾರ್ಫಿನ್ ಗುಳಿಗೆ, ಹೇಗೆ ಕೊಡಬೇಕು ಅನ್ನುವ ಚೀಟಿ, ಫೋನ್ ನಂಬರ್ ಎಲ್ಲ ಕೊಟ್ಟು. ದವಡೆಯ ಉಸಿರು ಶುರುವಾದ ಮೇಲೆ ರಾತ್ರಿಯಿಡೀ ಆಂಬುಲೆನ್ಸ್‌ನಲ್ಲಿ ಹೊರಟರೆ ದಾರಿಯಲ್ಲೇ, ಯಾವುದೋ ಹೈವೇ ಬದಿಯಲ್ಲಿ ಹೋಗಿಬಿಡುತ್ತಾರೆ. ಮನೆಯಲ್ಲಿ ನೋಡಿಕೊಳ್ಳಲು ಆಗದವರಿಗೆ ಬೆಂಗಳೂರಿನ ಕರುಣಾಶ್ರಯದಂಥ ಹಾಸ್ಪೈಸ್ ಇದೆ, 1999ರಿಂದ ಹಣ ತೆಗೆದುಕೊಳ್ಳದೆ ನೋಡಿಕೊಳ್ಳುತ್ತಿದ್ದಾರೆ.

ಐಸಿಯು, ವೆಂಟಿಲೇಟರ್ ಮಾತನ್ನೂ ಈ ಹೊತ್ತಿಗೇ ಆಡಿಬಿಡಿ, ಉಸಿರು ಕಟ್ಟಿದ ಮಧ್ಯರಾತ್ರಿಗೆ ಉಳಿಸಬೇಡಿ. ಘನತೆಯಿಂದ ಸಾಯುವ ಹಕ್ಕನ್ನು ಸುಪ್ರೀಂ ಕೋರ್ಟ್ 2018ರ ಮಾರ್ಚ್ 9ರಂದು ಒಪ್ಪಿದೆ, 2023ರ ಜನವರಿಯಲ್ಲಿ ಅದರ ವಿಧಾನವನ್ನು ಸರಳ ಮಾಡಿದೆ, ಕರ್ನಾಟಕದ ಆರೋಗ್ಯ ಇಲಾಖೆ 2025ರ ಜನವರಿ 30ರಂದು ಅದಕ್ಕೆ ಸುತ್ತೋಲೆ ಹೊರಡಿಸಿದೆ. ಗುಣವಾಗದ ರೋಗಿಗೆ ವೆಂಟಿಲೇಟರ್‌ನಂಥ ಆಸರೆ ನಿಲ್ಲಿಸಲು ಎರಡು ವೈದ್ಯಕೀಯ ಮಂಡಳಿಗಳು ನೋಡಿ ಒಪ್ಪಬೇಕು, ರೋಗಿ ಅಥವಾ ಮನೆಯವರ ಒಪ್ಪಿಗೆ ಬೇಕು. ನಿಮ್ಮ ಆಸ್ಪತ್ರೆಯಲ್ಲಿ ಆ ಮಂಡಳಿ ಯಾರದ್ದು ಅಂತ ಇವತ್ತೇ ತಿಳಿದುಕೊಂಡಿರಿ.

"ಅಮ್ಮನಿಗೆ ಮಾತ್ರ ಹೇಳಬೇಡಿ" ಅನ್ನುವ ಮಕ್ಕಳು ಪ್ರತಿ ವಾರ ಬರುತ್ತಾರೆ. ಅವರನ್ನು ಬೈಯಬೇಡಿ, ಪ್ರೀತಿಯಿಂದಲೇ ಹಾಗನ್ನುತ್ತಾರೆ. ಅಮ್ಮ ತಾವಾಗಿ ಕೇಳಿದರೆ ಸುಳ್ಳು ಹೇಳುವುದಿಲ್ಲ, ಕೇಳದಿದ್ದರೆ ಬಲವಂತವಾಗಿ ಹೇಳುವುದೂ ಇಲ್ಲ ಅಂತ ಮೊದಲೇ ತಿಳಿಸಿ. ಒಬ್ಬ ಅಜ್ಜಿ ನನ್ನನ್ನು ಹತ್ತಿರ ಕರೆದು, "ಮಗನಿಗೆ ಗೊತ್ತಾಗೋದು ಬೇಡ, ನನಗೆ ಇನ್ನು ಜಾಸ್ತಿ ದಿನ ಇಲ್ಲ ಅಲ್ವಾ?" ಅಂದಿದ್ದರು. ಮಗ ಆಗ ಬಾಗಿಲ ಹೊರಗೆ ನಿಂತು ಅದೇ ಪ್ರಶ್ನೆ ಕೇಳಲು ಕಾಯುತ್ತಿದ್ದ. ಇಬ್ಬರನ್ನೂ ಒಂದೇ ಕಡೆ ಕೂರಿಸಿದ್ದೊಂದೇ ಅವತ್ತು ನಾನು ಮಾಡಿದ ಕೆಲಸ.

ಕೊನೆಯ ಗಂಟೆಗಳು ಬಂದಾಗ ಮನೆಯವರಿಗೆ ಮೊದಲೇ ವಿವರಿಸಿ: ಗೊರಗೊರ ಸದ್ದು ಕೇಳಲು ಕಷ್ಟವಾಗುತ್ತದೆ, ಮಂಪರಿನಲ್ಲಿರುವ ಅವರಿಗೆ ಅದರಿಂದ ಹಿಂಸೆ ಆಗುತ್ತಿರುವ ಹಾಗೆ ಕಾಣುವುದಿಲ್ಲ. ಒಂದು ಪಕ್ಕಕ್ಕೆ ಹೊರಳಿಸಿ ಮಲಗಿಸಿದರೆ ಸದ್ದು ಸ್ವಲ್ಪ ತಗ್ಗುತ್ತದೆ. ಗಂಗೆಯನ್ನೋ ತುಳಸಿ ನೀರನ್ನೋ ಬಾಯಿಗೆ ಬಿಡಬೇಕು ಅಂತ ಬಹಳ ಮನೆಯವರು ತಾಮ್ರದ ತಂಬಿಗೆ ಇಟ್ಟುಕೊಂಡು ಕಾಯುತ್ತಿರುತ್ತಾರೆ. ಬೇಡ ಅನ್ನಬೇಡಿ. ನುಂಗಲಾಗದವರಿಗೆ ಚಮಚದಲ್ಲಿ ಹೊಯ್ದರೆ ನೀರು ಶ್ವಾಸನಾಳಕ್ಕೆ ಇಳಿದು ಕೆಮ್ಮು ಕಟ್ಟುತ್ತದೆ. ಹತ್ತಿಯ ಉಂಡೆಯನ್ನು ಆ ನೀರಿನಲ್ಲಿ ಅದ್ದಿ, ಚೆನ್ನಾಗಿ ಹಿಂಡಿ, ತುಟಿಗೆ, ನಾಲಿಗೆಯ ತುದಿಗೆ ಸವರುವುದನ್ನು ತೋರಿಸಿಕೊಡಿ. ಮೊದಲ ಸಲ ನೀವೇ ಮಾಡಿ, ಆಮೇಲೆ ಹತ್ತಿಯನ್ನು ಅವರ ಕೈಗೆ ಕೊಡಿ.